ಖಾಲಿ ಹೊಟ್ಟೆಯಲ್ಲೂ ಬರಬೇಕು, ನೀರನ್ನೂ ಕುಡಿದಿರಬೇಕು: ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಹೇಗೆ ಸಿದ್ಧವಾಗಬೇಕು?

ಹೊಂಬಾಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 66 ವರ್ಷ. ಕೆಲವು ವಾರಗಳಿಂದ ಊಟವಾದ ಮೇಲೆ ಬಲಪಕ್ಕೆಲುಬಿನ ಕೆಳಗೆ ನೋವು ಕಾಣಿಸಿಕೊಳ್ಳುತ್ತಿದೆ. ಮೂತ್ರ ಪೂರ್ತಿಯಾಗಿ ಹೋಗುತ್ತಿಲ್ಲ ಎಂದೂ ಹೇಳುತ್ತಾರೆ. ಆದ್ದರಿಂದ ವೈದ್ಯರು ಮೇಲ್ಹೊಟ್ಟೆ ಮತ್ತು ಕೆಳಹೊಟ್ಟೆ ಎರಡಕ್ಕೂ ಅಲ್ಟ್ರಾಸೌಂಡ್ ಮಾಡಿಸುವಂತೆ ಚೀಟಿ ಬರೆದುಕೊಟ್ಟಿದ್ದಾರೆ. ಸ್ಕ್ಯಾನಿಂಗ್ ಕೇಂದ್ರದವರು ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಬರುವ ಮುಂಚೆ ಚೆನ್ನಾಗಿ ನೀರು ಕುಡಿದಿರಿ. ಇವೆರಡೂ ಒಟ್ಟಿಗೆ ಹೇಗೆ ಹೊಂದುತ್ತವೆ ಎಂದು ಕೇಳುವಷ್ಟರಲ್ಲಿ ಕರೆ ಮುಗಿದಿತ್ತು.

ತಾಯಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬೆಳಿಗ್ಗೆ ತಿಂಡಿಗೆ ಮೊದಲು ಮಾತ್ರೆ ತೆಗೆದುಕೊಳ್ಳುತ್ತಾರೆ. ರಕ್ತದೊತ್ತಡದ ಮಾತ್ರೆಯೂ ಇದೆ. ಉಪವಾಸವಿದ್ದ ಬೆಳಿಗ್ಗೆ ಈ ಮಾತ್ರೆಗಳನ್ನು ಏನು ಮಾಡಬೇಕು? ಎಕ್ಸ್‌ರೇಯಂತೆ ಇದರಲ್ಲೂ ವಿಕಿರಣವಿದೆಯೆಂಬ ಭಯ ಅವರಿಗೆ. ಸ್ಕ್ಯಾನ್ ಮಾಡುವವರು ಅಲ್ಲೇ ಫಲಿತಾಂಶ ಹೇಳುತ್ತಾರೆಯೇ, ಒಮ್ಮೆ ಮಾಡಿಸಿದರೆ ಹೊಟ್ಟೆಯೊಳಗಿನ ಎಲ್ಲವೂ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗಳೂ ಇವೆ. ನಿಯಮಗಳ ಪಟ್ಟಿಗಿಂತ ಅವುಗಳ ಹಿಂದಿನ ಕಾರಣ ತಿಳಿದವರು ಬರೆದರೆ ತಾಯಿಗೆ ವಿವರಿಸಿ ಹೇಳಲು ನನಗೆ ಅನುಕೂಲವಾಗುತ್ತದೆ.

ಸಂಪಿಗೆ (ರೇಡಿಯಾಲಜಿ ವೈದ್ಯೆ)

ಹೊಂಬಾಳೆಯವರೇ, ನಿಮಗೆ ಹೇಳಿದ ಎರಡೂ ಮಾತುಗಳು ಸರಿಯೇ. ಅವುಗಳ ನಡುವೆ ಹೇಳದೆ ಬಿಟ್ಟ ವಿವರವೇ ಗೊಂದಲಕ್ಕೆ ಕಾರಣ.

ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ. ಅದರಲ್ಲಿರುವುದು ಶಬ್ದ ಮಾತ್ರ, ಆದರೆ ಮನುಷ್ಯರ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದ. ನಮ್ಮ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್ ಆಗಿದ್ದರೆ, ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವುದು ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್. ಕೈಯಲ್ಲಿ ಹಿಡಿಯುವ ಪ್ರೋಬ್ ಈ ಅಲೆಗಳನ್ನು ಒಳಗೆ ಕಳುಹಿಸಿ, ಅಂಗಾಂಗಗಳ ಅಂಚುಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ತಾನೇ ಕೇಳಿಸಿಕೊಳ್ಳುತ್ತದೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್ ಎಂದು ಯಂತ್ರ ಲೆಕ್ಕ ಹಿಡಿದಿರುತ್ತದೆ. 15 ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲಿನಷ್ಟು ಸಮಯ ಸಾಕು. ಹೀಗೆ ಬಂದ ಅಸಂಖ್ಯ ಪ್ರತಿಧ್ವನಿಗಳಿಂದ ಪರದೆಯ ಮೇಲಿನ ಚಿತ್ರ ಮೂಡುತ್ತದೆ.

ಈ ಅಲೆಗಳಿಗೆ ದೊಡ್ಡ ಅಡ್ಡಿಯೆಂದರೆ ಗಾಳಿ. ಅಂಗಾಂಶದಿಂದ ಗಾಳಿಗೆ ದಾಟಬೇಕಾದ ಕಡೆ ಶಬ್ದ ಬಹುತೇಕ ಪೂರ್ತಿಯಾಗಿ ಹಿಂದಕ್ಕೆ ಪುಟಿದುಬಿಡುತ್ತದೆ, ಅದರಾಚೆ ಏನಿದೆಯೆಂಬುದು ನಮಗೆ ಕಾಣುವುದಿಲ್ಲ. ಚರ್ಮಕ್ಕೆ ಜೆಲ್ ಹಚ್ಚುವುದು ಪ್ರೋಬ್‌ಗೂ ಚರ್ಮಕ್ಕೂ ನಡುವೆ ಉಳಿಯುವ ತೆಳುವಾದ ಗಾಳಿಯ ಪದರವನ್ನು ತೆಗೆಯುವುದಕ್ಕಾಗಿ. ಕರುಳಿನೊಳಗಿನ ಗಾಳಿಗೆ ಮಾತ್ರ ಜೆಲ್ ಹಚ್ಚಲಾಗದು. ಅದನ್ನು ಕಡಿಮೆ ಮಾಡಲು ಇರುವ ಸರಳ ಉಪಾಯ ಉಪವಾಸ.

ಉಪವಾಸಕ್ಕೆ ಇನ್ನೊಂದು ಕಾರಣವಿದೆ, ನಿಮ್ಮ ತಾಯಿಯ ವಿಷಯದಲ್ಲಿ ಅದೇ ಮುಖ್ಯ. ಊಟದ ನಂತರ ಬಲಪಕ್ಕೆಲುಬಿನ ಕೆಳಗೆ ನೋವು ಎಂದರೆ ವೈದ್ಯರು ಪಿತ್ತಕೋಶದ ಕಲ್ಲನ್ನು ಶಂಕಿಸಿರುವ ಸಾಧ್ಯತೆ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಪಿತ್ತಕೋಶ ಪಿತ್ತರಸದಿಂದ ತುಂಬಿ ಹಿಗ್ಗಿರುತ್ತದೆ, ಆಗ ಅದರ ಗೋಡೆಯ ದಪ್ಪವನ್ನು ಅಳೆಯಬಹುದು. 3 ಮಿಲಿಮೀಟರ್‌ವರೆಗೆ ಇದ್ದರೆ ಸಹಜ. ಕೊಬ್ಬಿರುವ ಏನನ್ನಾದರೂ ಸೇವಿಸಿದರೆ, ಅದು ಅರ್ಧ ಲೋಟ ಹಾಲಾದರೂ ಸರಿ, ಪಿತ್ತಕೋಶ ಸಂಕುಚಿತಗೊಂಡು ಪಿತ್ತರಸವನ್ನು ಕರುಳಿಗೆ ಬಿಡುತ್ತದೆ. ಕುಗ್ಗಿದ ಪಿತ್ತಕೋಶದ ಗೋಡೆ ಕಾಯಿಲೆ ಇಲ್ಲದಿದ್ದರೂ ದಪ್ಪಗೆ ಕಾಣುತ್ತದೆ, ಒಳಗಿನ ಸಣ್ಣ ಕಲ್ಲು ಮಡಿಕೆಗಳ ನಡುವೆ ಮರೆಯಾಗಬಹುದು. ಆದ್ದರಿಂದ ಸಾಮಾನ್ಯವಾಗಿ 6ರಿಂದ 8 ಗಂಟೆ ಏನನ್ನೂ ತಿನ್ನಬಾರದೆಂದು ಹೇಳುತ್ತೇವೆ. ಆ ಅವಧಿಯಲ್ಲಿ ಧೂಮಪಾನವನ್ನೂ ಚೂಯಿಂಗ್ ಗಮ್ ಅಗಿಯುವುದನ್ನೂ ಬಿಡಬೇಕು, ಎರಡರಿಂದಲೂ ಗಾಳಿ ಹೊಟ್ಟೆಗೆ ಸೇರುತ್ತದೆ.

ಇನ್ನು ನೀರಿನ ವಿಷಯ. ಸಾದಾ ನೀರಿನಲ್ಲಿ ಕೊಬ್ಬಿಲ್ಲವಾದ್ದರಿಂದ ಅದು ಪಿತ್ತಕೋಶವನ್ನು ಹಾಗೆ ಕುಗ್ಗಿಸುವುದಿಲ್ಲ. ಕೆಳಹೊಟ್ಟೆಯಲ್ಲಿ ಗರ್ಭಕೋಶ, ಅಂಡಾಶಯಗಳ ಮುಂದೆ ಕರುಳಿನ ಸುರುಳಿಗಳು ಗಾಳಿ ತುಂಬಿಕೊಂಡು ಕುಳಿತಿರುತ್ತವೆ. ಮೂತ್ರಕೋಶ ತುಂಬಿದಾಗ ಅದು ಆ ಸುರುಳಿಗಳನ್ನು ಮೇಲಕ್ಕೆ ತಳ್ಳುತ್ತದೆ, ದ್ರವದ ಮೂಲಕ ಶಬ್ದ ಅಡೆತಡೆಯಿಲ್ಲದೆ ಹಾಯುವುದರಿಂದ ಹಿಂದಿನ ಅಂಗಗಳು ಸ್ಪಷ್ಟವಾಗಿ ಕಾಣುತ್ತವೆ. ಹೀಗಾಗಿ ಊಟಕ್ಕೆ ರಾತ್ರಿಯಿಂದ ತಡೆ, ಸಾದಾ ನೀರಿಗೆ ಮಾತ್ರ ಬೆಳಿಗ್ಗೆ ಅನುಮತಿ ಎಂಬುದು ನಿಮಗೆ ಹೇಳಿದ ಮಾತಿನ ಪೂರ್ಣ ರೂಪ. ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ನಿಗದಿತ ಸಮಯಕ್ಕೆ ಒಂದು ಗಂಟೆ ಮುಂಚೆ ಕುಡಿದು ಮುಗಿಸಿ, ಆಮೇಲೆ ಮೂತ್ರ ಮಾಡದೆ ಇರಬೇಕು. ಗಟಗಟನೆ ಕುಡಿದರೆ ನೀರಿನೊಂದಿಗೆ ಗಾಳಿಯೂ ಒಳಗೆ ಹೋಗುತ್ತದೆ, ನಿಧಾನವಾಗಿ ಕುಡಿಯಲಿ. ಗುಳ್ಳೆ ಬರುವ ಪಾನೀಯ ಬೇಡವೇ ಬೇಡ.

ಮಾತ್ರೆಗಳ ಬಗ್ಗೆ: ರಕ್ತದೊತ್ತಡದ ಮಾತ್ರೆಯನ್ನು ಒಂದು ಗುಟುಕು ನೀರಿನೊಂದಿಗೆ ಎಂದಿನಂತೆ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯ ವಿಷಯ ಹಾಗಲ್ಲ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳೂ ಇನ್ಸುಲಿನ್ನೂ ಊಟವಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಯಾವುದನ್ನು ಎಷ್ಟು ಹೊತ್ತು ಮುಂದೂಡಬೇಕೆಂದು ಮಾತ್ರೆ ಬರೆದುಕೊಟ್ಟ ವೈದ್ಯರನ್ನೇ ಹಿಂದಿನ ದಿನ ಕೇಳಿಕೊಳ್ಳಿ. ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆಯಿರಿ, ಸಕ್ಕರೆ ಕಾಯಿಲೆ ಇದೆಯೆಂದರೆ ಕೊಡುತ್ತಾರೆ. ಕಾಯುತ್ತಿರುವಾಗ ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡರೆ ಅಥವಾ ಗ್ಲೂಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಸ್ಕ್ಯಾನಿಂಗ್ ಕೆಡುತ್ತದೆಂದು ಒಂದು ಕ್ಷಣವೂ ಯೋಚಿಸದೆ ಸಕ್ಕರೆ ಅಥವಾ ಗ್ಲೂಕೋಸ್ ಕೊಡಿ. ಸ್ಕ್ಯಾನಿಂಗನ್ನು ನಾಳೆಯೂ ಮಾಡಬಹುದು.

ಒಂದು ವಿಷಯವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ: ಅದೇ ವಾರದಲ್ಲಿ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇ ಕೂಡ ಇದ್ದರೆ ಅಲ್ಟ್ರಾಸೌಂಡ್ ಮೊದಲು ಆಗಲಿ. ಎಂಡೋಸ್ಕೋಪಿಯಲ್ಲಿ ಹೊಟ್ಟೆಗೆ ಗಾಳಿ ತುಂಬುತ್ತಾರೆ, ಬೇರಿಯಂ ಕರುಳಿನಲ್ಲಿ ಉಳಿದು ಶಬ್ದವನ್ನು ತಡೆಯುತ್ತದೆ.

ತಂಗಾಳಿ (ಸೋನೋಗ್ರಾಫರ್)

ವೈದ್ಯೆಯವರು ಕಾರಣಗಳನ್ನು ವಿವರವಾಗಿ ಬರೆದಿದ್ದಾರೆ. ಪರೀಕ್ಷೆಯ ಮಂಚದ ಮೇಲೆ ನಡೆಯುವುದೇನೆಂದು ಮೊದಲೇ ಗೊತ್ತಿದ್ದರೆ ವಯಸ್ಸಾದವರಿಗೆ ಆತಂಕ ಕಡಿಮೆಯಾಗುತ್ತದೆ, ಅದನ್ನು ನಾನು ಬರೆಯುತ್ತೇನೆ.

ನಿಮ್ಮ ತಾಯಿಯನ್ನು ಬೆನ್ನ ಮೇಲೆ ಮಲಗಿಸಿ ಹೊಟ್ಟೆಗೆ ಜೆಲ್ ಹಚ್ಚುತ್ತೇವೆ, ಮೊದಲ ಸ್ಪರ್ಶ ತಣ್ಣಗಿರುತ್ತದೆ. ಮೇಲುಡುಪು ಬೇರೆ, ಕೆಳಉಡುಪು ಬೇರೆ ಆಗಿರುವ ಸಡಿಲ ಬಟ್ಟೆ ಹಾಕಿಕೊಂಡು ಬಂದರೆ ಹೊಟ್ಟೆಯ ಭಾಗವನ್ನಷ್ಟೇ ಸರಿಸಿದರೆ ಸಾಕಾಗುತ್ತದೆ. ಆಮೇಲೆ ಪದೇ ಪದೇ ‘ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ’ ಎನ್ನುತ್ತೇವೆ. ಯಕೃತ್ತಿನ ಮೇಲ್ಭಾಗ ಪಕ್ಕೆಲುಬುಗಳ ಹಿಂದೆ ಅಡಗಿರುತ್ತದೆ, ಮೂಳೆಯನ್ನು ದಾಟಿ ನೋಡಲು ನಮಗೆ ಆಗುವುದಿಲ್ಲ. ದೀರ್ಘವಾಗಿ ಉಸಿರೆಳೆದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರ) ಕೆಳಗಿಳಿದು ಯಕೃತ್ತು, ಪಿತ್ತಕೋಶಗಳನ್ನು ಪಕ್ಕೆಲುಬಿನ ಕೆಳಗೆ ತಳ್ಳುತ್ತದೆ. ಉಸಿರು ಹಿಡಿಯಲು ಕಷ್ಟವಾದರೆ ಹೇಳಲಿ, ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡುತ್ತೇವೆ.

ಪಿತ್ತಕೋಶವನ್ನು ನೋಡುವಾಗ ಎಡಮಗ್ಗುಲಿಗೆ ತಿರುಗಲು ಹೇಳುತ್ತೇವೆ. ಇದರ ಉದ್ದೇಶ ಅನೇಕರಿಗೆ ಗೊತ್ತಿರುವುದಿಲ್ಲ. ಪರದೆಯಲ್ಲಿ ಕಲ್ಲು ಬಿಳಿಯ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ; ಶಬ್ದ ಅದನ್ನು ದಾಟಲಾರದ್ದರಿಂದ ಹಿಂದೆ ಕಪ್ಪು ನೆರಳಿನ ಪಟ್ಟಿಯೊಂದು ಬೀಳುತ್ತದೆ. ದೇಹ ಹೊರಳಿದಾಗ ಕಲ್ಲು ಉರುಳಿಕೊಂಡು ಪಿತ್ತಕೋಶದ ತಗ್ಗಿನ ಭಾಗಕ್ಕೆ ಜಾರುತ್ತದೆ. ಗೋಡೆಗೆ ಅಂಟಿಕೊಂಡು ಬೆಳೆದ ಸಣ್ಣ ಗಂಟು, ಅಂದರೆ ಪಾಲಿಪ್ ಆಗಿದ್ದರೆ ಇದ್ದಲ್ಲೇ ಇರುತ್ತದೆ, ನೆರಳೂ ಸಾಮಾನ್ಯವಾಗಿ ಬೀಳುವುದಿಲ್ಲ. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಪ್ರೋಬ್ ಅನ್ನು ಪಿತ್ತಕೋಶದ ಮೇಲೆಯೇ ಒತ್ತಿ ‘ಇಲ್ಲೇ ಹೆಚ್ಚು ನೋಯುತ್ತದೆಯೇ’ ಎಂದೂ ಕೇಳುತ್ತೇವೆ. ತಾಯಿಯವರು ಸಂಕೋಚಪಟ್ಟು ನೋವನ್ನು ನುಂಗಿಕೊಳ್ಳಬಾರದು, ಪಿತ್ತಕೋಶದ ಉರಿಯೂತವನ್ನು ಗುರುತಿಸಲು ಆ ಉತ್ತರವೂ ಒಂದು ಆಧಾರ.

ಮೂತ್ರ ಪೂರ್ತಿ ಹೋಗುತ್ತಿಲ್ಲ ಎಂದಿದ್ದೀರಿ. ಹಾಗಾದರೆ ತುಂಬಿದ ಮೂತ್ರಕೋಶವನ್ನು ಅಳೆದ ನಂತರ ಶೌಚಾಲಯಕ್ಕೆ ಹೋಗಿ ಬರಲು ಹೇಳಿ, ಒಳಗೆ ಎಷ್ಟು ಮೂತ್ರ ಉಳಿದಿದೆಯೆಂದು ಮತ್ತೊಮ್ಮೆ ಅಳೆಯುತ್ತೇವೆ. ಶೌಚಾಲಯಕ್ಕೆ ಹೋದ ಕೂಡಲೇ ಪರೀಕ್ಷೆ ಮುಗಿಯಿತೆಂದು ಮನೆಗೆ ಹೊರಡಬೇಡಿ. ಮೂತ್ರಕೋಶ ತುಂಬಿರಬೇಕು ಎಂದರೆ ಸಹಿಸಲಾಗದಷ್ಟು ತುಂಬಿರಬೇಕೆಂದಲ್ಲ. ಅತಿಯಾಗಿ ತುಂಬಿದರೆ ಮೂತ್ರಪಿಂಡಗಳಲ್ಲಿ ಮೂತ್ರ ತಾತ್ಕಾಲಿಕವಾಗಿ ನಿಂತು, ಇಲ್ಲದ ತೊಂದರೆ ಇರುವಂತೆ ತೋರಬಹುದು. ಬಲವಂತವಾಗಿ ತಡೆದುಕೊಂಡವರಲ್ಲಿ ಉಳಿಕೆಯ ಅಳತೆಯೂ ಹೆಚ್ಚಾಗಿ ಬರಬಹುದು. ತಡೆಯಲಾಗದಿದ್ದರೆ ಸರದಿ ಬರುವ ಮುಂಚೆಯೇ ಸಿಬ್ಬಂದಿಗೆ ತಿಳಿಸಿ.

ಕೆಲವು ಮಹಿಳೆಯರಿಗೆ ಗರ್ಭಕೋಶ, ಅಂಡಾಶಯಗಳನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಲು ಯೋನಿಯ ಮೂಲಕ ಸಣ್ಣ ಪ್ರೋಬ್ ಇರಿಸಿ ಮಾಡುವ ಸ್ಕ್ಯಾನಿಂಗ್ ಬೇಕಾಗುತ್ತದೆ. ಅದಕ್ಕೆ ಮೂತ್ರಕೋಶ ಖಾಲಿಯಿರಬೇಕು. ಪ್ರೋಬ್‌ಗೆ ಪ್ರತಿಯೊಬ್ಬರಿಗೂ ಹೊಸ ಹೊದಿಕೆ ಹಾಕುತ್ತಾರೆ, ಅದು ಲ್ಯಾಟೆಕ್ಸ್‌ನದಾಗಿರಬಹುದು. ರಬ್ಬರ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಈ ಪರೀಕ್ಷೆ ರೋಗಿಯ ಒಪ್ಪಿಗೆಯಿಲ್ಲದೆ ನಡೆಯುವಂಥದ್ದಲ್ಲ. ಏಕೆ ಬೇಕೆಂದು ಕೇಳುವುದು, ಮಹಿಳಾ ಸಿಬ್ಬಂದಿ ಕೋಣೆಯಲ್ಲಿರಲಿ ಎನ್ನುವುದು, ಬೇಡವೆನ್ನುವುದು, ನಡುವೆ ನಿಲ್ಲಿಸಿ ಎನ್ನುವುದು ಎಲ್ಲವೂ ಅವರ ಹಕ್ಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕೇಳಲು ನಾಚಿಕೊಂಡು ಮಂಚದ ಮೇಲೆ ಬಿಗಿಹಿಡಿದು ಮಲಗುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಪರೀಕ್ಷೆ ಮಾಡುವವರು ಮೌನವಾಗಿದ್ದರೆ ಕೆಟ್ಟದ್ದೇನೋ ಕಂಡಿದೆಯೆಂದು ಭಾವಿಸಬೇಡಿ, ಅಳತೆಗಳನ್ನು ತೆಗೆಯುವಾಗ ಗಮನ ಪರದೆಯ ಮೇಲಿರುತ್ತದೆ. ನನ್ನಂತಹ ಸೋನೋಗ್ರಾಫರ್‌ಗಳು ಚಿತ್ರಗಳನ್ನು ತೆಗೆಯುತ್ತೇವೆ, ಅವನ್ನು ಓದಿ ವರದಿಗೆ ಸಹಿ ಹಾಕುವವರು ರೇಡಿಯಾಲಜಿ ವೈದ್ಯರು. ವೈದ್ಯರೇ ಸ್ಕ್ಯಾನ್ ಮಾಡುವ ಕಡೆ ಅಲ್ಲೇ ಒಂದೆರಡು ಮಾತು ಹೇಳಬಹುದು.

ಹೊಂಬಾಳೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ತಾಯಿಗೆ ಓದಿ ಹೇಳಿದೆ. ಎಡಮಗ್ಗುಲಿಗೆ ಏಕೆ ಹೊರಳಬೇಕೆಂಬುದು ಗೊತ್ತಾದ ಮೇಲೆ ಅವರೇ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಅವುಗಳಲ್ಲಿ ಒಂದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಳೆದ ವರ್ಷ ಅವರ ಕಾಲು ಊದಿಕೊಂಡಿದ್ದಾಗ ಹೃದಯದ ವೈದ್ಯರು ದಿನಕ್ಕೆ ಕುಡಿಯುವ ನೀರಿಗೆ ಮಿತಿ ಹಾಕಿದ್ದು, ಅದು ಈಗಲೂ ಜಾರಿಯಲ್ಲಿದೆ. ಹೀಗಿರುವಾಗ ಒಂದೇ ಬಾರಿಗೆ ಒಂದು ಲೀಟರ್ ಕುಡಿಯಬಹುದೇ?

ಸಂಪಿಗೆ (ರೇಡಿಯಾಲಜಿ ವೈದ್ಯೆ)

ಕುಡಿಯಬಾರದು. ಈ ಪ್ರಶ್ನೆಯನ್ನು ತಾಯಿಯವರೇ ಎತ್ತಿದ್ದು ಬಹಳ ಒಳ್ಳೆಯದಾಯಿತು. ನಾನು ಮೇಲೆ ಬರೆದ ಪ್ರಮಾಣ ನೀರಿನ ಮಿತಿ ಇಲ್ಲದವರಿಗೆ ಮಾತ್ರ ಅನ್ವಯಿಸುತ್ತದೆ. ಹೃದಯದ ದೌರ್ಬಲ್ಯ ಇರುವವರಿಗೂ ಮೂತ್ರಪಿಂಡ ವೈಫಲ್ಯ ಇರುವವರಿಗೂ ಸ್ಕ್ಯಾನಿಂಗ್ ನೆಪದಲ್ಲಿ ಆ ಮಿತಿಯನ್ನು ಮೀರಿಸುವುದು ಅಪಾಯ, ಚಿತ್ರ ಸ್ವಲ್ಪ ಸ್ಪಷ್ಟವಾಗಲಿ ಎಂಬ ಕಾರಣಕ್ಕೆ ಯಾರನ್ನೂ ಉಸಿರಾಟದ ತೊಂದರೆಗೆ ತಳ್ಳಬಾರದು.

ಕೇಂದ್ರಕ್ಕೆ ಮತ್ತೆ ಫೋನ್ ಮಾಡಿ ಈ ಮಿತಿಯನ್ನು ತಿಳಿಸಿ. ಸಾಮಾನ್ಯವಾಗಿ ಇರುವ ದಾರಿಯೆಂದರೆ, ಬೆಳಿಗ್ಗೆ ಎದ್ದ ಮೇಲೆ ಅಥವಾ ಮನೆ ಬಿಡುವ ಮುಂಚೆ ಮೂತ್ರ ಮಾಡದೆ ತಡೆದುಕೊಂಡು ಬರುವುದು, ದಿನದ ಮಿತಿಯೊಳಗಿನ ನೀರಿನಲ್ಲೇ ಒಂದು ಪಾಲನ್ನು ಆಗ ಕುಡಿಯುವುದು, ಉಳಿದದ್ದನ್ನು ಸಮಯಕ್ಕೆ ಬಿಡುವುದು. ಮೇಲ್ಹೊಟ್ಟೆಯ ಭಾಗವನ್ನು ಮೊದಲು ಮುಗಿಸಿ, ಮೂತ್ರಕೋಶ ತುಂಬುವವರೆಗೆ ಕಾಯಿಸಿ ಕೆಳಹೊಟ್ಟೆಯನ್ನು ಆಮೇಲೆ ನೋಡುವುದೂ ಉಂಟು. ಮೂತ್ರ ಪೂರ್ತಿ ಹೋಗದೆ ಉಳಿಯುತ್ತಿದ್ದರೆ ಅವರ ಮೂತ್ರಕೋಶ ಹೇಗೂ ಬೇಗನೆ ತುಂಬಿಕೊಳ್ಳುತ್ತದೆ. ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರೆ ಅದನ್ನು ಆ ಬೆಳಿಗ್ಗೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಹೃದಯದ ವೈದ್ಯರನ್ನು ಕೇಳಿ, ನೀವಾಗಿಯೇ ಬಿಡಬೇಡಿ.

ಮುಸ್ಸಂಜೆ (ಕುಟುಂಬ ವೈದ್ಯ)

ಒಮ್ಮೆ ಮಾಡಿಸಿದರೆ ಎಲ್ಲವೂ ಗೊತ್ತಾಗುತ್ತದೆಯೇ ಎಂಬ ಹೊಂಬಾಳೆಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ಅನುಭವದಲ್ಲಿ ರೋಗಿಗಳಿಗೆ ಹೆಚ್ಚು ಹಾನಿ ಮಾಡುವುದು ಇದರ ಬಗೆಗಿನ ತಪ್ಪು ತಿಳಿವಳಿಕೆಯೇ.

ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಊತ, ಯಕೃತ್ತಿನಲ್ಲಿ ಕೊಬ್ಬು, ಗರ್ಭಕೋಶದ ಗಡ್ಡೆ, ಹೊಟ್ಟೆಯಲ್ಲಿ ಸೇರಿದ ದ್ರವ ಇವೆಲ್ಲ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಜಠರದ ಹುಣ್ಣು ಹೀಗೆ ಕಾಣುವುದಿಲ್ಲ, ಅದಕ್ಕೆ ಎಂಡೋಸ್ಕೋಪಿ ಬೇಕು. ಮೂತ್ರನಾಳದ ಮಧ್ಯಭಾಗದಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ತಪ್ಪಿಹೋಗಬಹುದು, ಅದಕ್ಕೆ ಸಿಟಿ ಸ್ಕ್ಯಾನ್ ಹೆಚ್ಚು ನೆಚ್ಚಬಹುದಾದದ್ದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಅಲೆಗಳು ಆಳಕ್ಕೆ ತಲುಪುವ ಮೊದಲೇ ಕ್ಷೀಣಿಸುತ್ತವೆ. ಆದ್ದರಿಂದ ವರದಿಯಲ್ಲಿ ‘ಕರುಳಿನ ಗಾಳಿಯಿಂದಾಗಿ ಮೇದೋಜ್ಜೀರಕ ಗ್ರಂಥಿ ಸ್ಪಷ್ಟವಾಗಿ ಕಾಣಲಿಲ್ಲ’ ಎಂಬ ಸಾಲಿದ್ದರೆ ಅದನ್ನು ದಯವಿಟ್ಟು ಗಮನವಿಟ್ಟು ಓದಿ. ಗ್ರಂಥಿ ಚೆನ್ನಾಗಿದೆ ಎಂದು ಆ ಸಾಲು ಹೇಳುತ್ತಿಲ್ಲ, ನೋಡಲಾಗಲಿಲ್ಲ ಎಂದಷ್ಟೇ ಹೇಳುತ್ತಿದೆ. ವರದಿ ‘ನಾರ್ಮಲ್’ ಎಂದಿದ್ದು ನೋವು ಮುಂದುವರಿದರೆ ಮತ್ತೆ ವೈದ್ಯರ ಬಳಿ ಹೋಗಬೇಕೇ ಹೊರತು ವರದಿಯನ್ನು ನಂಬಿ ಸಹಿಸಿಕೊಂಡಿರಬಾರದು.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಹುಡುಕಿದ್ದು ಒಂದಾದರೆ ಕಾಣುವುದು ಇನ್ನೊಂದು. ವಯಸ್ಸಾದವರ ಮೂತ್ರಪಿಂಡದಲ್ಲಿ ನೀರಿನಂತಹ ದ್ರವ ತುಂಬಿದ ಸರಳ ಗುಳ್ಳೆ ಕಾಣುವುದು ಬಹಳ ಸಾಮಾನ್ಯ, ತೊಂದರೆ ಕೊಡದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಆದರೆ ವರದಿಯಲ್ಲಿ ‘ಸಿಸ್ಟ್’ ಎಂಬ ಪದ ಕಂಡು ರಾತ್ರಿಯಿಡೀ ನಿದ್ದೆಗೆಟ್ಟು ಬರುವವರಿದ್ದಾರೆ. ವರದಿ ಕೈಗೆ ಬಂದಾಗ ಒಂದೊಂದು ಪದವನ್ನೂ ಹುಡುಕಿ ಓದುವ ಬದಲು, ಪರೀಕ್ಷೆಗೆ ಕಳುಹಿಸಿದ ವೈದ್ಯರು ನೋವಿನ ಜೊತೆಗಿಟ್ಟು ಅದನ್ನು ವಿವರಿಸುವವರೆಗೆ ಕಾಯಿರಿ.

ಇದೇ ಸಿದ್ಧತೆ ಎಲ್ಲರಿಗೂ ಎಂದುಕೊಳ್ಳಬೇಡಿ. ಥೈರಾಯ್ಡ್, ಸ್ತನಗಳ ಸ್ಕ್ಯಾನಿಂಗ್‌ಗೂ ಕತ್ತಿನ ರಕ್ತನಾಳಗಳಲ್ಲಿ ರಕ್ತದ ಹರಿವನ್ನು ನೋಡುವ ಡಾಪ್ಲರ್‌ಗೂ ಉಪವಾಸವೂ ಬೇಡ, ನೀರೂ ಬೇಡ. ಹಸುಗೂಸುಗಳನ್ನು 6 ಗಂಟೆ ಹಸಿದಿರಿಸುವಂತಿಲ್ಲ. ಮುಂದಿನ ಹಾಲಿನ ಹೊತ್ತಿಗೆ ಸ್ವಲ್ಪ ಮೊದಲು ಸ್ಕ್ಯಾನಿಂಗ್ ಹೊಂದಿಸಿಕೊಂಡು, ಮುಗಿದ ಕೂಡಲೇ ಕುಡಿಸುತ್ತಾರೆ. ಗರ್ಭಿಣಿಯರು ಉಪವಾಸ ಮಾಡಬೇಕಿಲ್ಲ; ಆರಂಭದ ವಾರಗಳಲ್ಲಿ ಮಾತ್ರ ಮೂತ್ರಕೋಶ ತುಂಬಿರಲು ಹೇಳಬಹುದು. ಅವರಿಗೆ ಸಿದ್ಧತೆಗಿಂತ ಸಮಯ ಮುಖ್ಯ: ಮಗುವಿನ ಕತ್ತಿನ ಹಿಂಭಾಗದ ದ್ರವವನ್ನು ಅಳೆಯುವ ಸ್ಕ್ಯಾನಿಂಗ್ 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು, ಅಂಗಾಂಗಗಳ ರಚನೆಯನ್ನು ನೋಡುವುದು 18ರಿಂದ 22 ವಾರದ ನಡುವೆ. ಮೊದಲ ಮೂರು ತಿಂಗಳಲ್ಲಿ ಮಗುವಿನ ಉದ್ದ ಅಳೆದು ಗೊತ್ತುಮಾಡಿದ ಹೆರಿಗೆಯ ದಿನವೇ ಹೆಚ್ಚು ನಿಖರ, ನಂತರದ ವರದಿಗಳಲ್ಲಿ ಬೇರೆ ದಿನ ಕಂಡರೆ ಗಾಬರಿ ಬೇಡ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದ ಮೇಲಿನ ಇಷ್ಟು ದಶಕಗಳ ಬಳಕೆಯಲ್ಲಿ, ವೈದ್ಯಕೀಯ ಕಾರಣಕ್ಕೆ ಸರಿಯಾಗಿ ಮಾಡಿದ ಸ್ಕ್ಯಾನಿಂಗ್‌ನಿಂದ ಮಗುವಿಗೆ ಹಾನಿಯಾಗುವುದು ದೃಢಪಟ್ಟಿಲ್ಲ. ಹಾಗಿದ್ದರೂ ಅಲೆಗಳು ಅಂಗಾಂಶವನ್ನು ಕಿಂಚಿತ್ತು ಬಿಸಿ ಮಾಡಬಲ್ಲವು. ಕೇವಲ ನೆನಪಿಗಾಗಿ ಚಿತ್ರ ತೆಗೆಸಲು ಸ್ಕ್ಯಾನಿಂಗ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ.

ಸಿದ್ಧತೆಯ ನಿಯಮಗಳೆಲ್ಲ ನಿಗದಿತ ಪರೀಕ್ಷೆಗೆ ಮಾತ್ರ. ನಿಮ್ಮ ತಾಯಿಗೆ ಅಷ್ಟರೊಳಗೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಬಿಡದೆ ಗಂಟೆಗಟ್ಟಲೆ ನಿಂತರೆ ಅಥವಾ ಮೂತ್ರ ಸಂಪೂರ್ಣವಾಗಿ ಕಟ್ಟಿದರೆ, ಉಪವಾಸ ಆಗಿಲ್ಲವೆಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಅಲ್ಲಿ ಊಟ ಮಾಡಿದ್ದರೂ ಸ್ಕ್ಯಾನ್ ಮಾಡುತ್ತಾರೆ.

ಹೋಗುವಾಗ ವೈದ್ಯರ ಚೀಟಿ, ಔಷಧಿಗಳ ಪಟ್ಟಿ, ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ಕೈಯಲ್ಲಿರಲಿ. ಪಿತ್ತಕೋಶವನ್ನು ತೆಗೆಸಿಕೊಂಡಿರುವುದನ್ನು ಹೇಳದೆ ಮಲಗುವವರಿದ್ದಾರೆ, ಸ್ಕ್ಯಾನ್ ಮಾಡುವವರು ಇಲ್ಲದ ಅಂಗವನ್ನು ಹುಡುಕುತ್ತಿರುತ್ತಾರೆ. ಚೀಟಿಯಲ್ಲಿ ಅಂಗದ ಹೆಸರಷ್ಟೇ ಇದ್ದರೆ, ಯಾವ ತೊಂದರೆಗಾಗಿ ನೋಡಬೇಕೆಂದೂ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಹಳೆಯ ಸ್ಕ್ಯಾನಿಂಗ್ ಇದ್ದರೆ ವರದಿಯ ಜೊತೆಗೆ ಚಿತ್ರಗಳನ್ನೂ ಒಯ್ಯಿರಿ. ಇಂದು 8 ಮಿಲಿಮೀಟರ್ ಇರುವ ಪಾಲಿಪ್ ಎರಡು ವರ್ಷದ ಹಿಂದೆಯೂ ಅಷ್ಟೇ ಇತ್ತೋ ಅಥವಾ 4 ಮಿಲಿಮೀಟರ್ ಇದ್ದು ಬೆಳೆದಿದೆಯೋ ಎಂಬುದರ ಮೇಲೆ ಮುಂದಿನ ತೀರ್ಮಾನ ಬದಲಾಗುತ್ತದೆ, ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗ ಆ ಹೋಲಿಕೆಯನ್ನು ಹೆಚ್ಚು ಭರವಸೆಯಿಂದ ಮಾಡಬಹುದು.